ಆಕೆ ಹೇಳದೆ ಬಿಟ್ಟ ಮಾತು

“ಕಾಕಾ, ನನಗ ಮದುವಿಗೆ ಇನ್ನಾ ಎರಡ ವರ್ಷ ಬೇಕ್ರಿ. ಅಲ್ಲೀತನಕ ನಿಮ್ಮ ಮಗಳು ಓದು ಮುಗಸ್ಲಿ,” ಎಂದುಬಿಟ್ಟ ನನ್ನ ಮಗ. ಅಥಣಿಯಿಂದ ಶಿರಗುಪ್ಪಿಗೆ ಹೆಣ್ಣು ನೋಡಲು ಹೋಗಿದ್ದೆವು. ಹುಡುಗಿ ನನ್ನ ಮನಸ್ಸಿಗೆ ಬಂದಿದ್ದಳು, ಮಾತುಕತೆ ಮುಗಿಯುವ ಹಂತಕ್ಕೆ ಬಂದಿತ್ತು. ಅವಳ ಅಪ್ಪನ ಮುಖ ಸಪ್ಪಗಾಯಿತು.

ವಾಪಸು ಬರುವಾಗ ಕಾರಿನಲ್ಲಿ, ಹೀಗೇಕೆ ಮಾಡಿದೆ ಎಂದು ಸಿಟ್ಟಿನಿಂದಲೇ ಕೇಳಿದೆ.

“ಅವ್ವಾ, ನೀ ಏನ್ ಕೇಳಿದ್ರೂ ಆಕಿ ‘ಅಪ್ಪಾ ಹೇಳಿದಂಗ್ರಿ’ ಅಂದ್ಲು. ನಾ ನರ್ಸಿಂಗ್ ಓದಿನ ಬಗ್ಗೆ ಕೇಳಿದಾಗ ಅಷ್ಟ ‘ನಾ ಮುಗಸ್ಬೇಕಂತ ಮಾಡೇನ್ರಿ’ ಅಂದ್ಲು. ಅಂದಾಕಿ ಅಪ್ಪನ ಮುಖಾ ನೋಡಿ ಸುಮ್ಮನಾದ್ಲು. ಈಗ ಮದುವಿ ಬ್ಯಾಡ ಅಂತ ಆಕಿಗೆ ಹೇಳಾಕ ಆಗೂದಿಲ್ಲ. ಅದಕ್ಕ ನಾ ಹೇಳಿದೆ.”

ನಾನೂ ಅಲ್ಲೇ ಕೂತು ಅದೇ ಮಾತುಗಳನ್ನು ಕೇಳಿದ್ದೆ. ಮರುದಿನ ನಾನೇ ಆ ತಂದೆಗೆ ಫೋನ್ ಮಾಡಿ, ಹುಡುಗಿ ನಮಗೆ ಒಪ್ಪಿಗೆ, ಆದರೆ ಓದು ಬಿಡಿಸಬೇಡಿ ಎಂದು ಕೇಳಿಕೊಂಡೆ. ಅವರು “ಆತ್ರಿ ಅಕ್ಕಾರ,” ಎಂದರು.

ಅವಳೀಗ ಕೊನೆಯ ವರ್ಷದಲ್ಲಿದ್ದಾಳೆ. ನಮ್ಮ ಸೊಸೆಯಾಗುವ ಮಾತನ್ನು ಅವಳಿಗೇ ಬಿಟ್ಟಿದ್ದೇವೆ. ಮಗ ಎಂಥವನು ಎಂದು ಯಾರಾದರೂ ಕೇಳಿದರೆ ಮೊದಲೆಲ್ಲ ನಮ್ಮ ಕಬ್ಬು, ದ್ರಾಕ್ಷಿ ತೋಟದ ಬಗ್ಗೆ ಹೇಳುತ್ತಿದ್ದೆ. ಈಗ ಈ ಸಂಗತಿ ಹೇಳುತ್ತೇನೆ.