ಅಕ್ಕ ಕೇಳದೇ ಉಳಿದದ್ದು

ಅಕ್ಕನ ಉಂಗುರ ಬೆರಳಿನಿಂದ ಹೊರಗೆ ಬರಲಿಲ್ಲ. ಮೊದಲು ಕಂಡದ್ದು ಅದು.

ಅಂಕೋಲಾದ ನನ್ನ ಹೊಲಿಗೆ ಅಂಗಡಿಗೆ ರವಿಕೆಯ ಅಳತೆ ಕೊಡಲು ಕಾರವಾರದಿಂದ ಬಂದಿದ್ದಳು. ತೋಳಿನ ಅಳತೆ ಹಿಂದಿನದ್ದಕ್ಕಿಂತ ಒಂದು ಇಂಚು ಹೆಚ್ಚು. ದಪ್ಪಗಾಗಿದ್ದೀಯ ಎಂದು ತಮಾಷೆ ಮಾಡಿದೆ. ಉಪ್ಪುಮೀನು ಜಾಸ್ತಿ ತಿಂದೆ ಎಂದು ಅವಳೂ ನಕ್ಕಳು. ಆಮೇಲೆ ಕಾಲು ನೋಡಿದೆ. ಬಾತುಕೊಂಡ ಪಾದದಲ್ಲಿ ಚಪ್ಪಲಿಯ ಪಟ್ಟಿ ಹೂತುಹೋಗಿತ್ತು.

ವಾರದೊಳಗೆ ರಿಪೋರ್ಟ್ ಬಂತು. ಒಂದರ ಆಸುಪಾಸು ಇರಬೇಕಾದ ಕ್ರಿಯಾಟಿನಿನ್ ಒಂಬತ್ತು ದಾಟಿತ್ತು.

ಎರಡೂ ಕಿಡ್ನಿ ಹೋಗಿದ್ದವು.

ಅಕ್ಕನ ಹೆಸರು ನತಾಲಿನ್, ಮದುವೆಯಾದವಳಲ್ಲ. ಅಮ್ಮ ತೀರಿಕೊಂಡಾಗ ನನಗೆ ಏಳು ವರ್ಷ, ಅವಳಿಗೆ ಹದಿನಾರು. ನನ್ನ ತಲೆ ಬಾಚಿ, ಬೈದು, ಓದಿಸಿ, ಮದುವೆ ಮಾಡಿ ಕಳಿಸಿದವಳು ಅವಳೇ. ನಮ್ಮ ಇಗರ್ಜಿಯಲ್ಲಿ ಭಾನುವಾರ ಮಕ್ಕಳಿಗೆ ಧರ್ಮಪಾಠ ಹೇಳುತ್ತಾಳೆ. ನಾನೂ ಅವಳ ಶಿಷ್ಯೆಯೇ. ಚಿಕ್ಕಂದಿನಲ್ಲಿ ಒಮ್ಮೆ, ಯೇಸುವಿನ ತಾಯಿಯಾಗುತ್ತೀಯಾ ಎಂದು ಕೇಳಲು ದೇವದೂತ ಮರಿಯಮ್ಮನ ಬಳಿ ಬಂದ ಕಥೆ ನಡೆಯುವಾಗ, ದೇವರು ಎಲ್ಲ ಮೊದಲೇ ಗೊತ್ತುಮಾಡಿದ್ದರೆ ಅವಳನ್ನು ಕೇಳುವುದು ಎಂತಕ್ಕೆ ಎಂದು ನಾನು ಅಡ್ಡಬಾಯಿ ಹಾಕಿದ್ದೆ.

"ಇಲ್ಲ ಹೇಳೂಕೆ ಅವಳಿಗೆ ದಾರಿ ಇತ್ತು," ಅಂದಿದ್ದಳು ಅಕ್ಕ. "ದೇವರು ಅದನ್ನ ಮುಚ್ಚಲಿಲ್ಲ. ಉತ್ತರಕ್ಕೆ ಕಾದ."

ಆಗ ಅದು ನನ್ನ ತಲೆಗೆ ಹೋಗಲಿಲ್ಲ.

ಡಯಾಲಿಸಿಸ್ ಶುರುವಾಯಿತು. ವಾರಕ್ಕೆ ಮೂರು ಸಲ ನಾನು ಅಂಗಡಿ ಬಾಗಿಲು ಹಾಕಿ ಕಾರವಾರದ ಬಸ್ಸು ಹತ್ತುತ್ತಿದ್ದೆ. ಅವಳಿಗೆ ಇಡೀ ದಿನಕ್ಕೆ ಮೂರು ಲೋಟ ನೀರು, ಅದೂ ಮೇ ತಿಂಗಳ ಸೆಕೆಯಲ್ಲಿ. ಅವಳು ಗೊಣಗಿದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. ಪಕ್ಕದ ಬೆಡ್ಡಿನಲ್ಲಿ ಬಾಯಾರಿಕೆಯಿಂದ ಅಳುತ್ತಿದ್ದ ಮೀನು ಮಾರುವ ಹೆಂಗಸಿಗೆ ಐಸಿನ ಚೂರು ಬಾಯಲ್ಲಿಟ್ಟುಕೊಳ್ಳುವುದನ್ನು ಇವಳೇ ಕಲಿಸಿದಳು. ನಾನಾಗಿದ್ದರೆ ಕೂಗಿ ಊರು ಒಂದು ಮಾಡುತ್ತಿದ್ದೆ.

ಟ್ರಾನ್ಸ್‌ಪ್ಲಾಂಟ್ ಆದರೆ ಹೆಚ್ಚು ದಿನ ಬದುಕಬಹುದು ಎಂದರು ಡಾಕ್ಟರು. ಮಂಗಳೂರಿನಲ್ಲಿ ಟೆಸ್ಟ್ ಮಾಡಿಸಿದೆವು.

ನನ್ನದು ಮ್ಯಾಚ್ ಆಯಿತು.

ಅಮ್ಮನ ತಂಗಿ, ನಮ್ಮ ಮಾವಶಿ, ಶಿಲುಬೆಯ ಗುರುತು ಮಾಡಿಕೊಂಡಳು. "ನೋಡು ಪಿಲೂ, ದೇವರು ನಿನ್ನನ್ನ ಹುಟ್ಟಿಸಿದ್ದೇ ಇದಕ್ಕೆ. ಎಲ್ಲಾ ಅವನ ಯೋಜನೆ." ಬಂದವರೆಲ್ಲ ಅದನ್ನೇ ಹೇಳಿದರು. ನಾನು ತಲೆಯಾಡಿಸಿದೆ. ಇಂಜೆಕ್ಷನ್ ಕಂಡರೇ ಕೈಕಾಲು ತಣ್ಣಗಾಗುವವಳು ನಾನು. ಆದರೆ ದೇವರೇ ತೀರ್ಮಾನ ಮಾಡಿ ಆದ ಮೇಲೆ ಬೇಡ ಅನ್ನಲು ನಾನ್ಯಾರು? ಅದರಲ್ಲೂ ನನ್ನನ್ನು ಸಾಕಿದವಳಿಗೆ?

ಅಕ್ಕ ಒಬ್ಬಳೇ ಬಾಯಿ ಬಿಡಲಿಲ್ಲ. ಕೊಡು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಮಳೆ ಯಾವಾಗ, ಅಂಗಡಿ ಹೇಗಿದೆ, ಇಷ್ಟೇ ಮಾತು. ನನಗೆ ಮೈಯೆಲ್ಲ ಉರಿಯಿತು. ಎಷ್ಟು ಸೊಕ್ಕು ಇವಳಿಗೆ, ತಂಗಿಯ ಹತ್ತಿರ ಒಂದು ಮಾತು ಕೇಳಿದರೆ ಎಂತ ಸವೆಯುತ್ತದೆ ಎಂದು ಗಂಡನ ಮುಂದೆ ಕೂಗಾಡಿದೆ.

ಕಿಡ್ನಿ ಕೊಡುವವರ ಜೊತೆ ಡಾಕ್ಟರು ಪ್ರತ್ಯೇಕ ಮಾತಾಡುತ್ತಾರೆ. ನನ್ನನ್ನು ಕರೆದ ಡಾಕ್ಟರಮ್ಮ ಬಾಗಿಲು ಹಾಕಿ ಎದುರು ಕೂತರು.

"ನಿಮ್ಮಕ್ಕ ನನ್ನಿಂದ ಒಂದು ಮಾತು ತಗೊಂಡಿದ್ದಾರೆ. ನಿಮಗೆ ಮನಸ್ಸಿಲ್ಲದಿದ್ರೆ, ನಿಮ್ಮ ಕಿಡ್ನಿ ತಗೊಳ್ಳೂಕೆ ಆಗೂದಿಲ್ಲ ಅಂತ ಮನೆಯವರಿಗೆ ನಾನೇ ಹೇಳ್ಬೇಕಂತೆ. ಕಾರಣ ತಾನೂ ಕೇಳೂದಿಲ್ಲ ಅಂದಿದ್ದಾರೆ."

ನಾನು ಅಲ್ಲೇ ಅತ್ತುಬಿಟ್ಟೆ.

ಎರಡು ದಿನ ಕೊಡಿ ಅಂದೆ. ಊರಿಗೆ ಬಂದು ಹೊಲಿಗೆ ಮಿಷನ್ನಿನ ಮುಂದೆ ಕೂತೆ. ಸುಳ್ಳು ಯಾಕೆ ಹೇಳಲಿ, ಮೊದಲನೇ ದಿನ ಇಲ್ಲ ಅನ್ನುವುದೇ ಗಟ್ಟಿಯಾಗಿತ್ತು. ಆದರೆ ಇಲ್ಲ ಅನ್ನಬಹುದು ಎಂದು ಗೊತ್ತಾದ ಮೇಲೆ, ಇಷ್ಟು ದಿನ ಹೆದರಿಕೆಯ ಜೊತೆಗೇ ಇದ್ದ ಸಿಟ್ಟು ಮೆಲ್ಲಗೆ ಇಳಿಯಿತು, ದೇವರ ಮೇಲಿದ್ದದ್ದೂ, ಮಾವಶಿಯ ಮೇಲಿದ್ದದ್ದೂ. ಎರಡನೇ ದಿನ, ಹಿಂದೆ ಕತ್ತರಿಸಿ ಇಟ್ಟು ಹಾಗೇ ಉಳಿದಿದ್ದ ಅಕ್ಕನ ರವಿಕೆ ಕೈಗೆ ಸಿಕ್ಕಿತು, ಆ ಹೆಚ್ಚಿನ ಒಂದು ಇಂಚಿನ ಸಮೇತ. ನಾನು ಅದನ್ನು ಅವಳ ಹಳೆಯ ಅಳತೆಗೆ ಹೊಲಿದೆ. ಗುಂಡಿ ಹಚ್ಚಿ ಮುಗಿಸಿ ಡಾಕ್ಟರಮ್ಮನಿಗೆ ಫೋನ್ ಮಾಡಿದೆ.

ಹೂಂ ಅಂದೆ.

ಯೋಜನೆ ದೇವರದ್ದೇ ಇರಬಹುದು, ನಾನು ನಂಬುತ್ತೇನೆ. ಆದರೆ ಆ ಹೂಂ ನನ್ನದು. ಜೀವ ಹೋಗುವ ಹೊತ್ತಿನಲ್ಲೂ ಅಕ್ಕ ಅದನ್ನು ನನಗೇ ಬಿಟ್ಟಳು. ಅಷ್ಟು ದೊಡ್ಡ ಮನಸ್ಸು ನನಗಿಲ್ಲ, ಎಷ್ಟು ಜನರಿಗಿದೆಯೋ ಗೊತ್ತಿಲ್ಲ.

ಆಪರೇಷನ್ ಆಗಿ ಈಗ ನಾಲ್ಕು ತಿಂಗಳು. ಅವಳ ಮಾತ್ರೆ ಜೀವನಪೂರ್ತಿ, ಜ್ವರ ಬಂದರೆ ಮಂಗಳೂರಿಗೆ ಓಡಬೇಕು. ಮುಂದಿನದ್ದು ಯಾರಿಗೆ ಗೊತ್ತು. ನನ್ನ ಹೊಲಿಗೆಯ ಗಾಯ ಮಳೆ ಬಂದಾಗ ಎಳೆಯುತ್ತದೆ. ಅಕ್ಕನ ಉಂಗುರ ಮಾತ್ರ ಸಡಿಲವಾಗಿದೆ.

ಮೊನ್ನೆ ಸಂಜೆ ಅವಳ ಜಗಲಿಯಲ್ಲಿ ಕೂತಿದ್ದೆವು. ಇಗರ್ಜಿಯ ಗಂಟೆ ಹೊಡೆಯಿತು, ದೇವದೂತನ ಪ್ರಾರ್ಥನೆಯ ಹೊತ್ತು. ಪ್ರಾರ್ಥನೆ ಮುಗಿಸಿ ನಾನೇ ಬಾಯಿಬಿಟ್ಟೆ.

"ಆ ಎರಡು ದಿನ ನಾ ಇಲ್ಲ ಹೇಳೂಕೆ ಹೊರಟಿದ್ದೆ."

"ಗೊತ್ತಿತ್ತು."

"ನೀ ಎಂತ ಬೇಡ್ಕೊಂಡೆ ಹಾಗಾದ್ರೆ? ನಾ ಹೂಂ ಅನ್ಲಿ ಅಂತ್ಲಾ?"

ಅಕ್ಕ ಉಂಗುರ ತಿರುಗಿಸಿದಳು.

"ಅದ್ನ ಬೇಡೂಕೆ ಮನಸ್ಸು ಬರ್ಲಿಲ್ಲ. ನೀ ಇಲ್ಲ ಅಂದ್ರೆ ನಿನ್ನ ಮೇಲೆ ನಂಗೆ ಸಿಟ್ಟು ಬರಬಾರ್ದು. ಅದೊಂದೇ ಬೇಡ್ಕೊಂಡೆ."

ನಾನು ಅವಳ ಹತ್ತಿರ ಸರಿದು ಕೂತೆ.

"ಬಾಯಾರ್ತದೆ, ನೀರು ತಾರೇ," ಅಂದಳು.

ತಂಬಿಗೆ ತುಂಬ ತಂದುಕೊಟ್ಟೆ. ಪೂರ್ತಿ ಕುಡಿದಳು.