ವಾಪಸು ಕೊಡದ ಮೆಮೊರಿ

ಮೊನ್ನೆ ಫೋನಿನ ಚಾರ್ಜರ್ ಚುಚ್ಚುವ ತೂತು ಸಡಿಲವಾಗಿದೆಯೆಂದು ಕುಂದಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ರಿಪೇರಿ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಸೋಲ್ಡರಿಂಗ್ ಕಡ್ಡಿ ಬಿಸಿ ಮಾಡಿ ತಂತಿಗೆ ಮುಟ್ಟಿಸಿದರು. ಎಳೆಯಷ್ಟು ಹೊಗೆ ಎದ್ದು ರಾಳ ಸುಟ್ಟ ವಾಸನೆ ಮೂಗಿಗೆ ಬಂತು. ಫೋನು ಸರಿಯಾಯಿತೆಂದು ಅವರು ಎರಡು ಸಲ ಕರೆದರಂತೆ, ನನಗೆ ಕೇಳಿಸಲಿಲ್ಲ. ನಿಮಗೂ ಹೀಗೆ ಆಗಿರಬಹುದು. ನಾನು ಆ ಹೊತ್ತಿಗೆ ಆರು ವರ್ಷ ಹಿಂದೆ ಹೋಗಿ, ಇದೇ ವಾಸನೆ ಬರುತ್ತಿದ್ದ ಶಂಕರಣ್ಣನ ಮೇಜಿನ ಪಕ್ಕ ಕೂತಿದ್ದೆ.

ನಮ್ಮದು ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ ಎರಡು ಕೋಣೆಯ ಆಫೀಸು. ಮೀನುಗಾರಿಕೆಯ ಬೋಟುಗಳಿಗೆ ಆಳ ತೋರಿಸುವ ಪರದೆ ಮಾಡುತ್ತೇವೆ. ಬೋಟಿನ ತಳದಲ್ಲಿರುವ ಸಾಧನ ಸಮುದ್ರದ ನೆಲಕ್ಕೆ ಶಬ್ದ ಕಳಿಸುತ್ತದೆ, ಅದು ತಿರುಗಿ ಬರಲು ಹಿಡಿದ ಹೊತ್ತನ್ನು ಲೆಕ್ಕ ಹಾಕಿದರೆ ಕೆಳಗೆ ಎಷ್ಟು ಮಾರು ನೀರಿದೆಯೆಂದು ತಿಳಿಯುತ್ತದೆ. ಸಾಧನದೊಂದಿಗೆ ಮಾತಾಡುವ ಪ್ರೋಗ್ರಾಮನ್ನು ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದವರು ಶಂಕರಣ್ಣ. ಉಪ್ಪುಂದದವರು, ಮುಂಬೈಯಲ್ಲಿ ಇಪ್ಪತ್ತು ವರ್ಷ ರೇಡಿಯೋ, ವೈರ್‌ಲೆಸ್ ರಿಪೇರಿ ಮಾಡಿ ಊರಿಗೆ ಬಂದವರು. ಸಿ ಭಾಷೆಯನ್ನು ಹಳೆ ಪುಸ್ತಕ ಇಟ್ಟುಕೊಂಡು ತಾವೇ ಕಲಿತಿದ್ದರು. ಅವರು ತಂದ ಅಂಕಿಗಳನ್ನು ಪರದೆಯ ಮೇಲೆ ಚಂದವಾಗಿ ತೋರಿಸುವ ಭಾಗ ನನ್ನದು, ಅದು ಸಿ ಶಾರ್ಪ್ ಎಂಬ ಬೇರೆ ಭಾಷೆಯಲ್ಲಿ.

ನಾನಾಗ ಇಂಜಿನಿಯರಿಂಗ್ ಮುಗಿಸಿ ಕೋಟದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ. ನನ್ನ ಭಾಷೆಯಲ್ಲಿ ಬಳಸಿ ಬಿಟ್ಟ ಮೆಮೊರಿಯನ್ನು ಗಾರ್ಬೇಜ್ ಕಲೆಕ್ಟರ್ ಎಂಬುದು ತಾನಾಗಿಯೇ ಬಳಿದುಕೊಂಡು ಹೋಗುತ್ತದೆ. ಅದನ್ನು ನಾನೇ ಕಂಡುಹಿಡಿದವಳಂತೆ ದಿನಕ್ಕೆ ನಾಲ್ಕು ಸಲ ಅದರ ಹೆಸರು ಹೇಳುತ್ತಿದ್ದೆ. ಶಂಕರಣ್ಣನ ಸಿ ಭಾಷೆಯಲ್ಲಿ ಆ ಸುಖವಿಲ್ಲ. ಮೆಮೊರಿಯಲ್ಲಿ ಜಾಗ ಬೇಕಾದರೆ ಕೇಳಿ ಪಡೆಯಬೇಕು, ಕೆಲಸ ಮುಗಿದ ಮೇಲೆ ನೆನಪಿಟ್ಟು ಬಿಟ್ಟುಕೊಡಬೇಕು.

“ನಿಂಗ್ಳದ್ದ್ ಭಾಗ್ಯ ಮಗಾ,” ಎಂದು ಅವರು ನಗುತ್ತಿದ್ದರು. “ಉಂಡ ಬಟ್ಲ್ ಅಲ್ಲೇ ಬಿಟ್ಟ್ ಏಳೂದ್. ತೊಳುಕೆ ಬೇರೆ ಜನ.”

ಆ ದಿನಗಳು ಎಷ್ಟು ಚೆನ್ನಾಗಿದ್ದವೆಂದು ಆಗ ಗೊತ್ತಿರಲಿಲ್ಲ. ಮಧ್ಯಾಹ್ನ ಅವರ ಡಬ್ಬಿಯ ಬಂಗಡೆ ನನ್ನ ತಟ್ಟೆಗೆ ಬರುತ್ತಿತ್ತು. ಪ್ರೋಗ್ರಾಮಿನ ಕೋಡು ಹಟ ಹಿಡಿದರೆ ಅವರು ಕಂಪ್ಯೂಟರಿಗೆ ಕಿವಿ ಕೊಟ್ಟು, ರೇಡಿಯೋ ಕೇಳುವವರಂತೆ ಕಣ್ಣು ಮುಚ್ಚುತ್ತಿದ್ದರು. ನಾನು ನಗುತ್ತಿದ್ದೆ. ಅವರಿಂದ ಕಲಿತಷ್ಟು ನಾಲ್ಕು ವರ್ಷದ ಕಾಲೇಜಿನಲ್ಲಿ ಕಲಿತಿರಲಿಲ್ಲ.

ಆಫೀಸಿನಲ್ಲಿ ನಮ್ಮ ಪರದೆ ಎಷ್ಟೋ ಸಲ ಓಡಿತು, ಆದರೆ ಒಂದೆರಡು ಗಂಟೆಗಿಂತ ಹೆಚ್ಚು ಓಡಿಸುವ ತಾಳ್ಮೆ ನನಗಿರಲಿಲ್ಲ. ಮೊದಲ ಬೋಟು ಅದನ್ನು ಕಟ್ಟಿಕೊಂಡು ಸಮುದ್ರಕ್ಕೆ ಹೋದ ಎರಡನೆಯ ದಿನ ಬೆಳಿಗ್ಗೆ ಕಂಪ್ಯೂಟರಿನ ಮೆಮೊರಿ ತುಂಬಿ ಪರದೆ ನಿಂತೇಹೋಯಿತು. ಕೊನೆಯ ಅಂಕಿ, ಹನ್ನೆರಡು ಮಾರು, ಹಾಗೆಯೇ ಉಳಿದಿತ್ತು. ಬೋಟು ನಡೆಸುವ ತಾಂಡೇಲರು ಅದನ್ನು ನಂಬಿ ಮುಂದೆ ಹೋದರು. ತಳ ಕಲ್ಲಿಗೆ ತಾಗಿತು. ಬಲೆಯ ಹತ್ತಿರ ನಿಂತಿದ್ದ ಮರವಂತೆಯ ಮಂಜುನಾಥ ಎಂಬವರು ಹಾರಿಬಿದ್ದು ಭುಜದ ಎಲುಬು ಮುರಿದುಕೊಂಡರು.

ನಮ್ಮ ಆಫೀಸಿನ ಮಾಲೀಕರು ಬ್ರಹ್ಮಾವರದಿಂದ ಬೈಕಿನಲ್ಲಿ ಓಡಿಬಂದು ನಮ್ಮಿಬ್ಬರನ್ನೂ ಕೂರಿಸಿ ಕೇಳಿದರು, “ಎಂತ ಆದ್ದ್?”

“ಮೆಮೊರಿ ಸೋರಿದೆ,” ಎಂದೆ. ಪಡೆದ ಜಾಗವನ್ನು ಬಿಟ್ಟುಕೊಡದೆ ಅದು ತುಂಬುತ್ತಾ ಹೋಗುವುದಕ್ಕೆ ನಮ್ಮ ಕಸುಬಿನಲ್ಲಿ ಸೋರಿಕೆ ಎನ್ನುತ್ತಾರೆ. “ನನ್ನ ಕಡೆ ಅದು ತಾನಾಗಿ ಖಾಲಿಯಾಗತ್ತೆ. ಸೋರುವುದಾದರೆ ಸಿ ಕಡೆಯಿಂದಲೇ.”

ಶಂಕರಣ್ಣ ಒಂದು ವಾರ ತಮ್ಮ ಕೋಡನ್ನು ಸಾಲು ಸಾಲಾಗಿ ಓದಿದರು. ನನ್ನದನ್ನು ಓದಲು ಅವರಿಗೆ ಬರುತ್ತಿರಲಿಲ್ಲ. ಒಂದು ದಿನ ಮಾತ್ರ ಕೇಳಿದರು, “ಜಾಗ ಬಿಡುದಕ್ಕ್ ಒಂದ್ ಫಂಕ್ಷನ್ ಇಟ್ಟಿದ್ದೆ. ನೀನ್ ಅದನ್ನ್ ಕರೀತಿದ್ಯಲ್ದಾ ಮಗಾ?”

ನಾನು ಪರದೆಯಿಂದ ಕಣ್ಣು ತೆಗೆಯದೆ “ಹೂಂ” ಎಂದೆ. ಫಂಕ್ಷನ್ ಎಂದರೆ ಹೆಸರು ಹಿಡಿದು ಕರೆದಾಗ ಒಂದು ಕೆಲಸ ಮಾಡುವ ಕೋಡಿನ ತುಂಡು. ಯಾವ ಫಂಕ್ಷನ್ ಎಂದು ಕೇಳಲೂ ಇಲ್ಲ.

ಮುಂದಿನ ಸೋಮವಾರದಿಂದ ಅವರು ಬರಲಿಲ್ಲ. ಯಾರೂ ಬಿಡಿಸಿದ್ದಲ್ಲ, ಅವರೇ ಬಿಟ್ಟರು. ಹನ್ನೊಂದು ದಿನದ ನಂತರ ಏನನ್ನೋ ಹುಡುಕುತ್ತಾ ಅವರ ಫೈಲು ತೆರೆದೆ. ಅಲ್ಲಿ ಆ ಫಂಕ್ಷನ್ ಇತ್ತು. ಮೇಲೆ, ಇಂಗ್ಲಿಷ್ ಅಕ್ಷರದಲ್ಲಿ ನಮ್ಮೂರ ಕನ್ನಡ: ‘ಅಂಕಿ ತಕಂಡ್ ಮೇಲೆ ಇದನ್ನ್ ಕರೀಕ್. ಮರೀಬೇಡ ಮಗಾ.’ ಅವರು ಪಡೆದ ಜಾಗದ ತಂಟೆಗೆ ನನ್ನ ಗಾರ್ಬೇಜ್ ಕಲೆಕ್ಟರ್ ಹೋಗುವುದೇ ಇಲ್ಲ, ಅದರ ಲೆಕ್ಕಕ್ಕೆ ಆ ಜಾಗ ಇಲ್ಲವೇ ಇಲ್ಲ. ಸೆಕೆಂಡಿಗೆ ಹತ್ತು ಸಲ ಅಂಕಿಯಿದ್ದ ಜಾಗವನ್ನು ಅವರಿಂದ ತೆಗೆದುಕೊಂಡೆ, ಒಂದನ್ನೂ ವಾಪಸು ಕೊಡಲಿಲ್ಲ.

ನನ್ನ ಕೋಡಿನಲ್ಲಿ ಆ ಫಂಕ್ಷನ್ ಕರೆಯುವ ಒಂದು ಸಾಲು ಸೇರಿಸಿದೆ. ಪರದೆ ಮೂರು ದಿನ ನಿಲ್ಲದೆ ಓಡಿತು. ಶಂಕರಣ್ಣನ ತಪ್ಪನ್ನು ನಾನು ಸರಿಮಾಡಿದೆನೆಂದು ತಿಳಿದು ಮಾಲೀಕರು ಹೊಗಳಿದರು. ನಾನು ಸುಮ್ಮನಿದ್ದೆ. ನಾಳೆ ಹೇಳೋಣ ಎಂದುಕೊಂಡದ್ದು ಆರು ವರ್ಷವಾಯಿತು.

ಮೊನ್ನೆ ರಿಪೇರಿ ಅಂಗಡಿಯಿಂದ ಆಫೀಸಿಗೆ ಹೋಗುವುದನ್ನು ಬಿಟ್ಟು ಬೈಂದೂರು ಬಸ್ಸು ಹತ್ತಿದೆ. ಉಪ್ಪುಂದದಲ್ಲಿ ಅವರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಜಗಲಿಯ ಮೇಲೆ ಒಂದು ಮಿಕ್ಸಿ ಬಿಚ್ಚಿಟ್ಟುಕೊಂಡು ಕೂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

“ಬಾ ಮಗಾ, ಕೂಕೋ,” ಎಂದರು, ನಿನ್ನೆಯಷ್ಟೇ ಕಂಡವರಂತೆ.

ಬಸ್ಸಿನಲ್ಲಿ ಜೋಡಿಸಿಕೊಂಡ ಮಾತೆಲ್ಲ ಮರೆತುಹೋಗಿತ್ತು. “ಶಂಕರಣ್ಣ, ಆ ಫಂಕ್ಷನ್ ನಾನ್ ಕರೀತಿರ್ಲಿಲ್ಲ,” ಎಂದಷ್ಟೇ ಹೇಳಿದೆ.

ಯಾವ ಫಂಕ್ಷನ್ ಎಂದು ಅವರು ಕೇಳಲಿಲ್ಲ. ಸ್ಕ್ರೂಡ್ರೈವರನ್ನು ಮೆಲ್ಲಗೆ ಕೆಳಗಿಟ್ಟರು.

“ಹಾಂಗಾರೆ ನಂದ್ ಸರಿ ಇದ್ದಿತಾ?”

“ಸರಿ ಇದ್ದಿತ್.”

ಮಿಕ್ಸಿಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಹೇಳಿದರು. ತಮ್ಮಿಂದಲೇ ಒಬ್ಬರ ಭುಜ ಮುರಿಯಿತೆಂದು ಅವರು ಮತ್ತೆ ಕೋಡು ಬರೆದಿರಲಿಲ್ಲ. ಪುಸ್ತಕ ಓದಿ ಕಲಿತವನಿಗೆ ಇದೆಲ್ಲ ಬೇಡವಾಗಿತ್ತು ಎಂದು ಹೆಂಡತಿಯ ಹತ್ತಿರ ಹೇಳಿದ್ದರಂತೆ. ತಿಂಗಳಿಗೊಮ್ಮೆ ಮರವಂತೆಗೆ ಹೋಗಿ ಮಂಜುನಾಥರನ್ನು ಕಂಡುಬರುತ್ತಿದ್ದರು.

“ಅವತ್ತೇ ಹೇಳ್ಕಿತ್ತ್ ಮಗಾ,” ಎಂದರು. ಗದರಲಿಲ್ಲ. ಗದರಿದ್ದರೆ ಅಳು ಬರುತ್ತಿರಲಿಲ್ಲವೇನೋ. “ನಂಗ್ ಹೇಳಿದ್ ಸಾಕಾತಿಲ್ಲೆ. ಮಂಜುನಾಥಂಗೂ ನೀನೇ ಹೇಳ್ಕ್.”

ಮರುದಿನ ಮಾಲೀಕರಿಗೆ ಎಲ್ಲವನ್ನೂ ಹೇಳಿದೆ. ಅವರು ಕೂಡಲೇ ಶಂಕರಣ್ಣನಿಗೆ ಫೋನು ಮಾಡಿ ಕೆಲಸಕ್ಕೆ ಬನ್ನಿ ಎಂದರು. ಕಣ್ಣು ಮೊದಲಿನ ಹಾಗಿಲ್ಲ, ಇನ್ನು ಆಗುವುದಿಲ್ಲ ಎಂದರಂತೆ ಶಂಕರಣ್ಣ. ನನ್ನ ಪಕ್ಕ ಕೂತು ಅವರು ಬರೆಯಬಹುದಾಗಿದ್ದ ಆರು ವರ್ಷ ಹಾಗೆಯೇ ಹೋಯಿತು.

ಅದೇ ಸಂಜೆ ಶಂಕರಣ್ಣನೂ ನಾನೂ ಮರವಂತೆಗೆ ಹೋದೆವು. ಮಂಜುನಾಥರು ಅಂಗಳದಲ್ಲಿ ಬಲೆ ಹೆಣೆಯುತ್ತಿದ್ದರು. ಎಡಗೈ ಭುಜದಿಂದ ಮೇಲೆ ಏಳುವುದಿಲ್ಲ. ನಾನು ಹೇಳಬೇಕಾದ್ದನ್ನು ಹೇಳಿದೆ, ಮೆಮೊರಿ ಎಂಬ ಮಾತನ್ನೂ ಬಿಡಿಸಿ ಹೇಳಿದೆ. ಅವರು ಕೈ ನಿಲ್ಲಿಸದೆ ಕೇಳಿದರು. ಮುಗಿದ ಮೇಲೆ ನನ್ನ ಕಡೆ ನೋಡಲಿಲ್ಲ, ಶಂಕರಣ್ಣನ ಕಡೆ ನೋಡಿದರು.

“ಹಾಂಗಾರೆ ಇನ್ ಮೇಲೆ ನೀವ್ ಬಪ್ಪುದಿಲ್ಯಾ?”

ಶಂಕರಣ್ಣ ಬಲೆಯ ಇನ್ನೊಂದು ತುದಿಯನ್ನು ಎಳೆದುಕೊಂಡು ಕೂತರು. “ಬತ್ತೆ ಮಾರಾಯ,” ಎಂದರು.

ನನಗೆ ಬಾ ಎಂದು ಯಾರೂ ಹೇಳಲಿಲ್ಲ. ಬರುವ ತಿಂಗಳು ನಾನೂ ಹೋಗುತ್ತೇನೆ.