ಕಾಲುವೆಯ ಏರಿನಲ್ಲಿ ನೀಲಮ್ಮ ಟೀಚರ ಕಾರು

ಅದು 2022ರ ಕೊನೆಯ ಭಾಗ. ಬಳ್ಳಾರಿಯಲ್ಲಿ ನಾನು ಸ್ವಂತ ವರ್ಕ್‌ಶಾಪ್ ತೆರೆದು ಕೆಲವು ವರ್ಷಗಳಾಗಿದ್ದವು. ಅದಕ್ಕೆ ಮೊದಲು ಒಂದು ಕಾರು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಗೇರ್‌ಬಾಕ್ಸ್ ವಿಭಾಗ ನೋಡಿಕೊಳ್ಳುತ್ತಿದ್ದೆ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚುವವರಿಗೆ ನಮ್ಮ ಕಡೆ ಬರವಿರಲಿಲ್ಲ, ಬಿಚ್ಚಿದ್ದನ್ನು ಮತ್ತೆ ಜೋಡಿಸುವವರು ಮಾತ್ರ ಕಡಿಮೆ. ಹಾಗಾಗಿ ನಾಲ್ಕಾರು ಜನ ಕೈಯಾಡಿಸಿ ಬಿಟ್ಟ ಗಾಡಿಗಳು ಕೊನೆಗೆ ನನ್ನ ಬಾಗಿಲಿಗೆ ಬರುತ್ತಿದ್ದವು. ತಂದವರನ್ನು ಮೊದಲು ಚೆನ್ನಾಗಿ ಬೈದು ಆಮೇಲೆ ಬಾನೆಟ್ ಎತ್ತುವುದು ನನ್ನ ಪದ್ಧತಿ. ಹೆಂಡತಿ ಇದನ್ನು ಬಿಡಿ ಎಂದು ಹೇಳಿ ಹೇಳಿ ಸೋತಿದ್ದಾಳೆ.

ಒಂದು ಬೆಳಿಗ್ಗೆ ಕುರುಗೋಡಿನಿಂದ ಹಳೆಯದೊಂದು ಸಣ್ಣ ಆಟೋಮ್ಯಾಟಿಕ್ ಕಾರು ಬಂತು. ಓಡಿಸಿಕೊಂಡು ಬಂದವರು ಪಂಪಾಪತಿ ಎಂಬ ಭತ್ತದ ವ್ಯಾಪಾರಿ. ಹಿಂದಿನ ಸೀಟಿನಲ್ಲಿ ಅವರ ತಂಗಿ ನೀಲಮ್ಮ ಕೂತಿದ್ದರು. ಕಾರು ಅವರದು. ನೀಲಮ್ಮ ಸಿರುಗುಪ್ಪ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಶಾಲಾ ಶಿಕ್ಷಕಿ. ಚಿಕ್ಕಂದಿನಲ್ಲೇ ಪೋಲಿಯೊ ಬಂದು ಎಡಗಾಲಿಗೆ ಶಕ್ತಿ ಇಲ್ಲ. ಮಾಮೂಲಿ ಕಾರಿನಲ್ಲಿ ಕ್ಲಚ್ ತುಳಿಯಲು ಎಡಗಾಲು ಬೇಕು. ಆಟೋಮ್ಯಾಟಿಕ್‌ನಲ್ಲಿ ಕ್ಲಚ್ ಪೆಡಲ್ಲೇ ಇಲ್ಲ, ಬಲಗಾಲೊಂದಿದ್ದರೆ ಸಾಕು. ಕುರುಗೋಡಿನಿಂದ ಆ ಶಾಲೆಗೆ ಎರಡು ಬಸ್ ಬದಲಿಸಿ, ಕ್ರಾಸಿನಲ್ಲಿ ಇಳಿದು ಮತ್ತೆ ನಡೆಯಬೇಕಿತ್ತು. ಈ ಕಾರು ಬಂದ ಮೇಲೆ ಅವರು ಯಾರ ಮುಖವನ್ನೂ ಕಾಯದೆ ಶಾಲೆಗೆ ಹೋಗಿಬರುತ್ತಿದ್ದರು.

ಪಂಪಾಪತಿ ಕುರ್ಚಿಯಲ್ಲಿ ಕೂರುವ ಮೊದಲೇ ವಿಷಯಕ್ಕೆ ಬಂದರು. "ಮೇಸ್ತ್ರಿ, ಈ ಗಾಡಿ ಮಾರಾಕ ಒಂದು ಗಿರಾಕಿ ಅದಾನ. ನೀವು ನೋಡಿ, ಗೇರ್‌ಬಾಕ್ಸ್ ಚಲೋ ಐತಿ ಅಂತ ಒಂದು ಮಾತು ಹೇಳಿದ್ರ ಸಾಕಂತ. ನಿಮ್ಮ ಮಾತಿನ ಮ್ಯಾಲೆ ಆವಗ ಭಾಳ ನಂಬಿಕಿ."

"ಮಾರೋದು ಯಾಕೆ?" ಎಂದೆ.

ಅವರು ತಂಗಿಯ ಕಡೆ ನೋಡದೆ ಹೇಳಿದರು. ಶಾಲೆಯ ದಾರಿಯಲ್ಲಿ ಸಿರಿಗೇರಿ ದಾಟಿದ ಮೇಲೆ ತುಂಗಭದ್ರಾ ಕಾಲುವೆಗೆ ಒಂದು ಎತ್ತರದ ಸೇತುವೆ ಇದೆ. ಕೆಲವು ವಾರಗಳ ಹಿಂದೆ ನೀಲಮ್ಮ ಅದರ ಏರು ಹತ್ತುವಾಗ ಎದುರಿನಿಂದ ಬಂದ ಟ್ರ್ಯಾಕ್ಟರಿಗೆ ದಾರಿ ಬಿಡಲು ನಡುವೆ ನಿಂತಿದ್ದಾರೆ. ಮತ್ತೆ ಹೊರಟಾಗ ಇಂಜಿನ್ ಜೋರಾಗಿ ಅಬ್ಬರಿಸಿದೆ, ಕಾರು ಹಿಂದಕ್ಕೆ ಬಂದಿದೆ. ಹಿಂದೆ ಬೈಕಿನಲ್ಲಿದ್ದ ಸಿರಿಗೇರಿಯ ಹುಲುಗಪ್ಪ ಎಂಬಾತ ಕೆಳಗೆ ಬಿದ್ದು ಬಲಭುಜದ ಮೂಳೆ ಮುರಿದಿದೆ. ಅವನು ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ಚೀಲ ಹೊರುವ ಹಮಾಲಿ.

"ಇಂಜಿನ್ ಕೂಗಿದ್ದು ನಾಕು ಮಂದಿ ಕೇಳ್ಯಾರ. ಗಾಡಿ ಹಿಂದಕ ಬಂದಿದ್ದು ನಾಕು ಮಂದಿ ನೋಡ್ಯಾರ. ಅಂದ್ರ ಗಾಬ್ರ್ಯಾಗಿ ಡಿ ಬದ್ಲಿ ಆರ್‌ಗೆ ಹಾಕ್ಯಾಳ, ಅಷ್ಟೆ," ಎಂದರು ಪಂಪಾಪತಿ. ಆಟೋಮ್ಯಾಟಿಕ್ ಕಾರಿನಲ್ಲಿ ಮುಂದಕ್ಕೆ ಹೋಗಲು ಡಿ, ಹಿಂದಕ್ಕೆ ಬರಲು ಆರ್. ಅವರ ತರ್ಕದಲ್ಲಿ ತಪ್ಪು ಹುಡುಕುವುದು ಸುಲಭವಿರಲಿಲ್ಲ. ವಿಷಯ ಠಾಣೆಗೆ ಹೋಗದೆ ಊರ ಹಿರಿಯರೇ ಕೂತು ಬಗೆಹರಿಸಿದ್ದರು. ಹುಲುಗಪ್ಪನ ಆಸ್ಪತ್ರೆಯ ಖರ್ಚು ಇವರದು, ಟೀಚರು ಇನ್ನು ಗಾಡಿ ಮುಟ್ಟಬಾರದು ಎಂದು ಮಾತಾಗಿತ್ತು.

ನೀಲಮ್ಮ ಆಗ ಬಾಯಿ ಬಿಟ್ಟರು. "ಸಾರ್, ನಾ ಗೇರ್ ಕೈಲೆ ಮುಟ್ಟೇ ಇಲ್ರಿ. ಬ್ರೇಕ್ ಹಿಡಿದು ನಿಂತಿದ್ದೆ, ಬಿಟ್ಟು ಎಕ್ಸಲೇಟರ್ ಒತ್ತಿದೆ. ಅಷ್ಟೇ ನೆನಪೈತಿ. ಆದ್ರ ಎಲ್ಲಾರೂ ಹಾಕೀದಿ ಹಾಕೀದಿ ಅಂತ ಅಂದೂ ಅಂದೂ, ಈಗ ನಾನೇ ಹಾಕಿದ್ನೇನೋ ಅನಸಾಕ ಹತ್ತೇತಿ," ಎಂದರು.

ಆ ಮಾತು ಕೇಳಿ ನನಗೆ ಕಸಿವಿಸಿಯಾಯಿತು. ಗೇರ್‌ಬಾಕ್ಸ್ ಚಲೋ ಇದೆ ಎಂದು ನಾನು ಹೇಳಿದರೆ ಕಾರು ಮಾರಾಟವಾಗುತ್ತದೆ, ಅದರ ಜೊತೆಗೆ ತಪ್ಪು ಈ ಹೆಣ್ಣುಮಗಳದ್ದೇ ಎಂದು ಕೊನೆಯ ಮುದ್ರೆಯೂ ಬೀಳುತ್ತದೆ. ಕಾರು ಬಿಟ್ಟು ಹೋಗಿ, ನೋಡಿ ಹೇಳುತ್ತೇನೆ ಎಂದೆ.

ಆಟೋಮ್ಯಾಟಿಕ್ ಗೇರ್‌ಬಾಕ್ಸ್ 'ಸ್ಲಿಪ್' ಆಗುವುದು ಎಂದರೇನೆಂದು ಇಲ್ಲಿ ಹೇಳಬೇಕು. ಇದರೊಳಗೆ ಇಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ದಾಟಿಸುವುದು ಕ್ಲಚ್ ಪ್ಲೇಟುಗಳು. ಅವನ್ನು ಒತ್ತಿ ಹಿಡಿಯುವುದು ಆಯಿಲ್ಲಿನ ಒತ್ತಡ, ಅಂದರೆ ಪ್ರೆಶರ್. ತಳದಲ್ಲಿರುವ ಪ್ಯಾನ್ ಎಂಬ ತಟ್ಟೆಯಲ್ಲಿ ಆಯಿಲ್ ನಿಂತಿರುತ್ತದೆ. ಒಂದು ಜರಡಿಯ ಮೂಲಕ ಅದನ್ನು ಪಂಪ್ ಹೀರಿ ಮೇಲಕ್ಕೆ ಕಳಿಸುತ್ತದೆ. ಪ್ರೆಶರ್ ಬಿದ್ದರೆ ಪ್ಲೇಟುಗಳ ಹಿಡಿತ ಸಡಿಲವಾಗುತ್ತದೆ. ಆಗ ನೀವು ಎಷ್ಟು ಒತ್ತಿದರೂ ಇಂಜಿನ್ ಕೂಗುತ್ತದೆಯೇ ಹೊರತು ಗಾಡಿ ಮುಂದೆ ಹೋಗುವುದಿಲ್ಲ. ಏರಿನಲ್ಲಿದ್ದರೆ, ಗೇರು ಡಿಯಲ್ಲಿದ್ದರೂ ಹಿಂದಕ್ಕೇ ಜಾರುತ್ತದೆ. ಟೀಚರು ಹೇಳಿದ್ದು ನಿಜವಾಗಿದ್ದರೆ ಆದದ್ದು ಇದೇ.

ಮೊದಲು ಆಯಿಲ್ ಮಟ್ಟ ನೋಡಿದೆ. ಸರಿಯಾಗಿಯೇ ಇತ್ತು, ಸುಟ್ಟ ವಾಸನೆಯೂ ಹೇಳಿಕೊಳ್ಳುವಷ್ಟಿರಲಿಲ್ಲ. ಸ್ಕ್ಯಾನರ್ ಹಾಕಿದರೆ ಕಂಪ್ಯೂಟರಿನ ನೆನಪು ಖಾಲಿ. ಅಪಘಾತದ ಮೇಲೆ ಯಾರೋ ಪುಣ್ಯಾತ್ಮ ಬ್ಯಾಟರಿ ಕಳಚಿ ಹಾಕಿದ್ದನಂತೆ, ದಾಖಲಾದದ್ದೇನಾದರೂ ಇದ್ದರೆ ಅಳಿಸಿಹೋಗಿತ್ತು. ಅವನು ನನ್ನ ಕೈಗೆ ಸಿಕ್ಕಿದ್ದರೆ ಅಂದು ಚೆನ್ನಾಗಿ ಪೂಜೆಯಾಗುತ್ತಿತ್ತು. ಗಾಡಿ ಎತ್ತಿ ತಳ ನೋಡಿದೆ. ಗೇರ್‌ಬಾಕ್ಸಿನ ಕೆಳಗೆ ದಪ್ಪ ತಗಡಿನ ಹೊಸ ಗಾರ್ಡ್ ಬಿಗಿದಿತ್ತು, ಎಲ್ಲೂ ಆಯಿಲ್ ಸೋರಿದ ಗುರುತಿರಲಿಲ್ಲ. ಹಳ್ಳಿ ರಸ್ತೆಗೆ ಓಡುವ ಗಾಡಿ, ಜಾಗ್ರತೆ ಇರುವ ಜನ ಎಂದುಕೊಂಡು ಇಳಿಸಿದೆ.

ಆಮೇಲೆ ರೂಪನಗುಡಿ ರಸ್ತೆಗೆ ಹೊರಟೆ. ನನ್ನ ಟ್ರಯಲ್ ಎಲ್ಲಾ ಅದೇ ರಸ್ತೆಯಲ್ಲಿ. ಅದರ ಒಂದೊಂದು ಗುಂಡಿಯೂ ನನಗೆ ಪರಿಚಯ. ನಿಧಾನ ಓಡಿಸಿದೆ, ಜೋರು ಓಡಿಸಿದೆ, ನಿಲ್ಲಿಸಿ ಮತ್ತೆ ಹೊರಡಿಸಿದೆ. ಕಾರು ಬೆಣ್ಣೆಯಂತೆ ಹೋಯಿತು. ಮರುದಿನ ಮತ್ತೆ ಓಡಿಸಿದೆ, ಅದೇ ಕಥೆ. ಎಷ್ಟೋ ಗಾಡಿಗಳು ನನ್ನೆದುರು ಸಾಧುವಿನಂತೆ ನಟಿಸಿದ್ದುಂಟು, ಆದರೆ ಇಷ್ಟು ಚೆನ್ನಾಗಿ ಯಾವುದೂ ನಟಿಸಿರಲಿಲ್ಲ. ವಾಪಸು ಬರುವಾಗ, ಟೀಚರು ಗಾಬರಿಯಲ್ಲಿ ಆರ್‌ಗೆ ಹಾಕಿರಲೂಬಹುದು ಎಂದು ನನಗೂ ಅನಿಸತೊಡಗಿತ್ತು.

ಅಣ್ಣ ತಂಗಿ ಇಬ್ಬರನ್ನೂ ಕರೆಸಿದೆ. "ನೋಡಿದೆ, ಏನೂ ಸಿಗಲಿಲ್ಲ," ಎಂದಾಗ ಪಂಪಾಪತಿ, "ನಾ ಹೇಳಿದ್ನಲ್ರಿ," ಎಂದು ಎದ್ದೇಬಿಟ್ಟರು. ನೀಲಮ್ಮ ಅಳಲಿಲ್ಲ, ಜಗಳಕ್ಕೂ ಬರಲಿಲ್ಲ. "ಆ ಸೇತುವಿ ಮ್ಯಾಲೆ ಓಡ್ಸಿದ್ರೇನ್ರೀ ಸಾರ್?" ಎಂದು ಕೇಳಿದರು.

ನನಗೆ ಸಿಟ್ಟು ಬಂತು. ಗೇರ್‌ಬಾಕ್ಸಿಗೆ ಯಾವ ರಸ್ತೆಯಾದರೇನು ಎನ್ನಲು ಬಾಯಿ ತೆರೆದವನು ಅರ್ಧಕ್ಕೇ ನಿಂತೆ. ರೂಪನಗುಡಿ ರಸ್ತೆ ಅಂಗೈಯಂತೆ ಸಪಾಟು. ನಾನು ಎರಡು ದಿನ ಪರೀಕ್ಷಿಸಿದ್ದು ಗಾಡಿ ಜಾರದ ರಸ್ತೆಯಲ್ಲಿ.

"ನಡೀರಿ, ಅಲ್ಲಿಗೇ ಹೋಗೋಣ. ಟೀಚರೇ ಓಡಿಸಲಿ," ಎಂದೆ. ಪಂಪಾಪತಿ ಒಪ್ಪಲಿಲ್ಲ. "ಹಿರೇರ ಮುಂದ ಮಾತಾಗೇತ್ರಿ, ಆಕಿ ಮುಟ್ಟಂಗಿಲ್ಲ," ಎಂದು ಹಟ ಹಿಡಿದರು. ನಾನು ದನಿ ಏರಿಸಿದೆ. "ಹಂಗಾದ್ರೆ ನನ್ನ ಬಾಯಿಂದ ಚಲೋ ಅನ್ನೋ ಮಾತು ಬರಲ್ಲ. ಗಾಡಿ ತಗೊಂಡು ಹೋಗಿ." ಗಿರಾಕಿ ಕೈ ತಪ್ಪುತ್ತಾನೆಂದೋ ಏನೋ, ಕೊನೆಗೆ ಹಿಂದಿನ ಸೀಟು ಹತ್ತಿದರು.

ಹೊರಡುವ ಮುಂಚೆ ಗೇರ್‌ಬಾಕ್ಸಿಗೆ ಆಯಿಲ್ಲಿನ ಒತ್ತಡ ತೋರಿಸುವ ಪ್ರೆಶರ್ ಗೇಜ್ ಜೋಡಿಸಿ, ಉದ್ದದ ಪೈಪಿನಿಂದ ಅದನ್ನು ಕಿಟಕಿಯೊಳಗೆ ತಂದೆ. ಸಿರಿಗೇರಿಯವರೆಗೆ ನಾನು ಓಡಿಸಿದೆ, ಗೇಜನ್ನು ಪಂಪಾಪತಿ ಹಿಡಿದಿದ್ದರು. ಕೊಯ್ಲಿನ ಕಾಲ. ಅಲ್ಲಲ್ಲಿ ಅರ್ಧ ರಸ್ತೆಗೆ ಭತ್ತ ಒಣಹಾಕಿದ್ದರು. ಗಾಡಿಗಳು ಕಾಳು ತುಳಿಯದಿರಲಿ ಎಂದು ಅಂಚಿಗೆ ಸಾಲಾಗಿ ಕಲ್ಲು ಇಟ್ಟಿದ್ದರು. ಉಳಿದ ಅರ್ಧ ರಸ್ತೆಯಲ್ಲಿ ಲಾರಿ, ಟ್ರ್ಯಾಕ್ಟರ್, ಬೈಕು ಎಲ್ಲ ಸರದಿಯ ಮೇಲೆ ದಾಟಬೇಕು. ಇಷ್ಟು ತೆವಳಿದ ಮೇಲೆ ಗೇರ್‌ಬಾಕ್ಸ್ ಆಯಿಲ್ ಚೆನ್ನಾಗಿ ಕಾಯ್ದಿತ್ತು. ಇದೂ ರೂಪನಗುಡಿ ರಸ್ತೆಯಲ್ಲಿ ಆಗಿರಲಿಲ್ಲ.

ಸೇತುವೆ ಕಂಡಾಗ ನೀಲಮ್ಮ ಸ್ಟಿಯರಿಂಗಿಗೆ ಬಂದರು, ನಾನು ಪಕ್ಕದಲ್ಲಿ ಗೇಜು ಹಿಡಿದು ಕೂತೆ. ಹಿಂದೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಏರಿನ ನಡುವೆ ನಿಲ್ಲಿಸಲು ಹೇಳಿದೆ. ನಿಲ್ಲಿಸಿದರು. ಗೇರ್ ಡಿಯಲ್ಲೇ ಇತ್ತು. "ಈಗ ಕೈ ಎರಡೂ ಸ್ಟಿಯರಿಂಗ್ ಮೇಲಿರಲಿ. ಹೋಗಿ," ಎಂದೆ.

ಬ್ರೇಕ್ ಬಿಟ್ಟು ಎಕ್ಸಲೇಟರ್ ಒತ್ತಿದರು. ಗೇಜಿನ ಮುಳ್ಳು ಒಮ್ಮೆ ನಡುಗಿ ಸರ್ರನೆ ಕೆಳಗಿಳಿಯಿತು. ಅದರ ಹಿಂದೆಯೇ ಇಂಜಿನ್ ಅಬ್ಬರಿಸಿತು. ಕಾರು ಹಿಂದಕ್ಕೆ ಜಾರತೊಡಗಿತು. ನೀಲಮ್ಮ ಚೀರಿ ಬ್ರೇಕ್ ತುಳಿದರು. ನಾನು ಹ್ಯಾಂಡ್‌ಬ್ರೇಕ್ ಎಳೆದು ಹಿಂದಕ್ಕೆ ತಿರುಗಿ, "ಗೇರ್ ಎಲ್ಲಿದೆ ನೋಡ್ರಿ ಪಂಪಾಪತಿ," ಎಂದೆ. ಅವರು ಮುಂದಕ್ಕೆ ಬಗ್ಗಿ ನೋಡಿದರು. ಡಿಯಲ್ಲಿತ್ತು.

ನೀಲಮ್ಮ ಸ್ಟಿಯರಿಂಗ್ ಮೇಲೆ ಹಣೆಯಿಟ್ಟು ಅತ್ತರು. ಇಷ್ಟು ದಿನದ ಅಳು ಅದು. ನಾನು ಹೊರಗೆ ಕಾಲುವೆಯ ನೀರು ನೋಡುತ್ತ ಕೂತೆ. ಅಳುವವರನ್ನು ಸಮಾಧಾನಪಡಿಸುವ ವಿದ್ಯೆ ನನಗೆ ಯಾರೂ ಕಲಿಸಿಲ್ಲ.

ಕಾರನ್ನು ಏರಿನಿಂದ ಮೆಲ್ಲಗೆ ಕೆಳಗಿಳಿಸಿ, ಬಳ್ಳಾರಿಗೆ ಮರಳಿ ಗಾಡಿ ಎತ್ತಿ, ಅಣ್ಣ ತಂಗಿಯ ಮುಂದೆಯೇ ತಳದ ಗಾರ್ಡ್ ಬಿಚ್ಚಿದೆ. ಅದರ ಹಿಂದೆ ಅಡಗಿತ್ತು ಉತ್ತರ. ಆಯಿಲ್ ಪ್ಯಾನ್ ಒಂದು ಕಡೆ ಮುಷ್ಟಿಯಷ್ಟು ಒಳಕ್ಕೆ ನೆಗ್ಗಿತ್ತು. ನೆಗ್ಗಿದ ಭಾಗ ನೇರ ಹೋಗಿ ಜರಡಿಯ ಬಾಯಿಗೆ ಒತ್ತಿಕೊಂಡಿತ್ತು. ಸಪಾಟು ರಸ್ತೆಯಲ್ಲಿ ಉಳಿದ ಸಂದಿಯಿಂದಲೇ ಪಂಪ್ ಹೇಗೋ ಆಯಿಲ್ ಹೀರಿಕೊಳ್ಳುತ್ತಿತ್ತು. ಏರಿನಲ್ಲಿ ಆಯಿಲ್ ಹಿಂದಕ್ಕೆ ಸರಿದಾಗ, ಅದೂ ಕಾಯ್ದು ತೆಳ್ಳಗಾದಾಗ, ಪಂಪಿಗೆ ಸಿಗುತ್ತಿದ್ದುದು ಬರೀ ಗಾಳಿ.

"ಈ ಗಾರ್ಡ್ ಹಾಕಿಸಿದ್ದು ಯಾರು?" ಎಂದು ಕೇಳಿದೆ.

"ನಾನೇ ರೀ," ಎಂದರು ಪಂಪಾಪತಿ. "ಹಳ್ಳಿ ರಸ್ತೆ, ತಂಗಿ ಗಾಡಿ ತಳ ಬಡೀಬಾರದಂತ."

"ಹಾಕಿಸೋ ಮುಂಚೆ ಬಡಿದಿತ್ತಾ?"

ಅವರು ಪ್ಯಾನಿನ ನೆಗ್ಗನ್ನು ಬೆರಳಿಂದ ಮುಟ್ಟಿ ನೋಡಿದರು. "ಒಂದಿನ ರಾರಾವಿ ಕಡೆ ಭತ್ತ ನೋಡಾಕ ನಾ ಒಯ್ದಿದ್ದೆ. ಎದುರಿಗೆ ಲಾರಿ ಬಂತು. ದಾರಿ ಬಿಡಾಕ ಹೋಗಿ ಭತ್ತದ ಅಂಚಿನ ಕಲ್ಲಿನ ಮ್ಯಾಲೆ ಹತ್ತಿಸಿದೆ. ಧಡ್ ಅಂತು. ಆದ್ರ ಗಾಡಿ ಓಡ್ತು ರೀ... ಮನಿ ತನಕ ಚಲೋನೇ ಓಡ್ತು. ಏನೂ ಆಗಿಲ್ಲ ಅಂತ ತಿಳ್ಕೊಂಡೆ." ಇನ್ನೊಮ್ಮೆ ಬಡಿಯದಿರಲಿ ಎಂದು ಮರುದಿನವೇ ವೆಲ್ಡಿಂಗ್ ಅಂಗಡಿಯಲ್ಲಿ ತಗಡು ಹಾಕಿಸಿದ್ದರು. ಅವರ ಆ ಕಾಳಜಿಯೇ ಪೆಟ್ಟನ್ನು ಎಲ್ಲರ ಕಣ್ಣಿಂದ ಮುಚ್ಚಿಬಿಟ್ಟಿತ್ತು. ಅವರಲ್ಲಿ ವಂಚನೆ ಇರಲಿಲ್ಲ ಎಂದು ನಾನು ಇಂದಿಗೂ ನಂಬುತ್ತೇನೆ. ಕಲ್ಲಿಗೂ ಸೇತುವೆಗೂ ನಂಟಿದೆ ಎಂದು ಅವರಿಗೆ ಹೊಳೆದೇ ಇರಲಿಲ್ಲ. ತಂಗಿಯ ತಪ್ಪು ಮಾತ್ರ ಎಷ್ಟು ಬೇಗ ಹೊಳೆದಿತ್ತು ಎಂಬುದೇ ನನಗೆ ಬೇಸರ.

ನೀಲಮ್ಮ ಅಣ್ಣನನ್ನು ದಾಟಿ ನನ್ನ ಹತ್ತಿರ ಬಂದರು. ನನಗೆ ಹೇಳಿದರು: "ಸಾರ್, ಹುಲುಗಪ್ಪನ ಮನಿಗೆ ನೀವು ಒಮ್ಮಿ ಬರ್ರಿ. ನಾ ಹೇಳಿದ್ರ ನನ್ನ ತಪ್ಪು ಮುಚ್ಚಾಕ ಹೇಳಿದಂಗಾಗತೈತಿ."

ಪ್ಯಾನು, ಜರಡಿ, ಆಯಿಲ್ ಎಲ್ಲ ಹೊಸದು ಹಾಕಿ, ಅದೇ ಸೇತುವೆಯ ಮೇಲೆ ಗೇಜ್ ಹಿಡಿದು ಪರೀಕ್ಷಿಸಿದೆ. ಮುಳ್ಳು ಅಲುಗಲಿಲ್ಲ. ಅಂದೇ ಮೂವರೂ ಸಿರಿಗೇರಿಗೆ ಹೋದೆವು. ಹುಲುಗಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ, ಕೈಯನ್ನು ಕೊರಳಿಗೆ ಕಟ್ಟಿಕೊಂಡು ಕೂತಿದ್ದ. ನಾನು ನೆಗ್ಗಿದ ಪ್ಯಾನನ್ನೇ ಒಯ್ದಿದ್ದೆ. ಅದನ್ನು ತೋರಿಸಿ, ತಪ್ಪು ಟೀಚರದ್ದಲ್ಲ, ಗಾಡಿಯದು ಎಂದು ಬಿಡಿಸಿ ಹೇಳಿದೆ. ಹೇಳುವಾಗ ಸ್ವಲ್ಪ ಹೆಮ್ಮೆಯೂ ಇತ್ತು, ಮುಚ್ಚಿಡುವುದೇಕೆ.

ಹುಲುಗಪ್ಪ ಎಲ್ಲ ಕೇಳಿಸಿಕೊಂಡ. ಎಡಗೈಯಲ್ಲಿ ಪ್ಯಾನ್ ತಿರುಗಿಸಿ ನೋಡಿ ಪಕ್ಕಕ್ಕಿಟ್ಟ. "ಟೀಚರ್ ತಪ್ಪಲ್ಲ ಅಂದ್ರ ಚಲೋನೇ ಆತ್ರಿ. ಆದ್ರ ಗಾಡಿ ತಪ್ಪಾದ್ರೇನು, ಟೀಚರ್ ತಪ್ಪಾದ್ರೇನು ಯಜಮಾನ್ರ, ಚೀಲ ಹೊರೂ ಭುಜ ನಂದಲ್ರೇನು?" ಎಂದ.

ಆಗ ಹಿಂದೆ ನಿಂತಿದ್ದ ಪಂಪಾಪತಿ ಮುಂದೆ ಬಂದು, "ಕಲ್ಲಿನ ಮ್ಯಾಲೆ ಹತ್ತಿಸಿದಾವ ನಾನಪ್ಪ," ಎಂದರು. ಅವರ ದನಿ ಇಷ್ಟು ಸಣ್ಣದಾಗಬಲ್ಲದು ಎಂದು ನಾನು ಎಣಿಸಿರಲಿಲ್ಲ. ಹುಲುಗಪ್ಪ ಅವರ ಮುಖ ನೋಡಿ, ಪ್ಯಾನನ್ನು ಅವರ ಕಡೆ ಸರಿಸಿದ. ಒಳಗಿನಿಂದ ಅವನ ಹೆಂಡತಿ ನಮಗೆ ಚಹಾ ತಂದಳು.

ಈ ಪ್ರಕರಣ ನನಗೆ ಎರಡು ಪಾಠ ಕಲಿಸಿತು. ಒಂದು ಕಸುಬಿನದು: ಗಾಡಿಯನ್ನು ಅದರ ಯಜಮಾನರ ರಸ್ತೆಯಲ್ಲಿ, ಅವರನ್ನೇ ಸ್ಟಿಯರಿಂಗಿಗೆ ಕೂರಿಸಿ ನೋಡಬೇಕು. ಅಲ್ಲಿಯವರೆಗೆ 'ದೋಷ ಇಲ್ಲ' ಎನ್ನುವ ಅಧಿಕಾರ ನನಗಿಲ್ಲ, 'ನನಗೆ ಕಾಣಲಿಲ್ಲ' ಎನ್ನಬಹುದು ಅಷ್ಟೆ. ಇನ್ನೊಂದನ್ನು ಹುಲುಗಪ್ಪ ಕಲಿಸಿದ. ಕಾರಣ ಸಿಕ್ಕಿತೆಂದು ನಾನು ಸ್ಪ್ಯಾನರ್ ಒರೆಸಿ ಎತ್ತಿಡಬಹುದು, ಪೆಟ್ಟು ತಿಂದವನಿಗೆ ಅಲ್ಲಿಗೆ ಏನೂ ಮುಗಿದಿರುವುದಿಲ್ಲ.

ಕಾರಣ ತಿಳಿದ ಮೇಲೆ ಊರ ಹಿರಿಯರು ತಮ್ಮ ಮಾತು ಹಿಂತೆಗೆದುಕೊಂಡರು, ಕಾರು ಮಾರಾಟವಾಗಲಿಲ್ಲ. ನೀಲಮ್ಮ ಮತ್ತೆ ಶಾಲೆಗೆ ಅದರಲ್ಲೇ ಹೋಗತೊಡಗಿದರು. ಹುಲುಗಪ್ಪನನ್ನು ಭುಜದ ವ್ಯಾಯಾಮಕ್ಕೆಂದು ಸಿರುಗುಪ್ಪದ ಆಸ್ಪತ್ರೆಗೆ ಅವರೇ ಕರೆದೊಯ್ಯುತ್ತಿದ್ದರು. ಕೆಲವು ತಿಂಗಳ ನಂತರ ಸರ್ವಿಸಿಗೆ ಬಂದಾಗ, ಗಾಡಿ ಹೇಗಿದೆ ಎಂದು ಕೇಳಿದೆ.

"ಗಾಡಿ ಚಲೋ ಐತ್ರಿ ಸಾರ್," ಎಂದರು. "ಏರು ಬಂತಂದ್ರ ಹುಲುಗಪ್ಪ ಹಿಂದ ಕಿಟಕಿ ಮ್ಯಾಲಿನ ಹಿಡಿಕಿ ಗಟ್ಟಿ ಹಿಡ್ಕೊಂತಾನ. ನಾ ಕನ್ನಡ್ಯಾಗ ನೋಡ್ತೀನಿ. ಸೇತುವಿ ಇಳ್ಯೂತನ ಇಬ್ರೂ ಮಾತಾಡಂಗಿಲ್ಲ."